ಬುಡಕಟ್ಟು, ಜನಾಂಗ, ಕುಲ: ಅಫಾರ್ ಮತ್ತು ಇಸ್ಸಾಗಳಿಗೆ ಯಾವುದು ಸರಿ?

ಗೆಳೆಯರೇ,

ಕೆಂಪು ಸಮುದ್ರದ ಬಾಯಲ್ಲಿರುವ ಪುಟ್ಟ ದೇಶ ಜಿಬೂಟಿಯ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ಫ್ರೆಂಚರ ಆಳ್ವಿಕೆಯಲ್ಲಿ ಇದು ಬಹುಕಾಲ ‘ಫ್ರೆಂಚ್ ಸೋಮಾಲಿಲ್ಯಾಂಡ್’ ಆಗಿತ್ತು. 1960ರಲ್ಲಿ ಪಕ್ಕದ ಸೋಮಾಲಿಯಾ ಸ್ವತಂತ್ರವಾಯಿತು. ಇಲ್ಲಿನ ಸೋಮಾಲಿಗಳಲ್ಲೂ ಬಿಡುಗಡೆಯ ಆಸೆ ಬಲವಾಯಿತು. ಇಲ್ಲಿನ ಇನ್ನೊಂದು ದೊಡ್ಡ ಗುಂಪಾದ ಅಫಾರರಲ್ಲಿ ಜಾಸ್ತಿ ಜನ ಫ್ರಾನ್ಸ್ ಜೊತೆಗೇ ಇರೋಣ ಎಂದರು. 1967ರ ಮಾರ್ಚ್‌ನಲ್ಲಿ ನಡೆದ ಜನಮತಗಣನೆಯಲ್ಲಿ ಅವರ ಕಡೆಯೇ ಗೆದ್ದಿತು. ಆ ಹೊತ್ತಿನಲ್ಲಿ ಸಾವಿರಾರು ಸೋಮಾಲಿಗಳನ್ನು ಗಡಿಯಾಚೆ ಅಟ್ಟಲಾಯಿತು ಎಂಬುದನ್ನು ಮರೆಯಬಾರದು. ಅದೇ ವರ್ಷ ನಾಡಿನ ಹೆಸರೂ ಬದಲಾಯಿತು: ‘ಅಫಾರ್ ಮತ್ತು ಇಸ್ಸಾಗಳ ಫ್ರೆಂಚ್ ಪ್ರಾಂತ್ಯ’. 1977ರ ಜೂನ್ 27ರಂದು ಸ್ವಾತಂತ್ರ್ಯ ಬರುವವರೆಗೂ ಇದೇ ಹೆಸರು.

ತೊಡಕು ಇರುವುದು ಈ ಹೆಸರಿನಲ್ಲೇ. ಅಫಾರರು ತಮ್ಮದೇ ನುಡಿಯಿರುವ ಒಂದು ಇಡೀ ಜನ. ಇಥಿಯೋಪಿಯಾ, ಎರಿಟ್ರಿಯಾಗಳಲ್ಲೂ ಇದ್ದಾರೆ. ಇಸ್ಸಾಗಳು ಹಾಗಲ್ಲ, ಅವರು ಸೋಮಾಲಿಗಳ ಒಂದು ಕವಲು. ಜಿಬೂಟಿಯಲ್ಲಿ ಗಡಬೂರ್ಸಿ, ಇಸಾಕ್ ಎಂಬ ಬೇರೆ ಸೋಮಾಲಿ ಕವಲುಗಳೂ ಇವೆ. ಹೊಸ ಹೆಸರಿನಲ್ಲಿ ಅವರಿಗೆ ಜಾಗವೇ ಇಲ್ಲ. ‘ಸೋಮಾಲಿ’ ಎಂಬ ಮಾತನ್ನೇ ತೆಗೆದುಹಾಕಿದರು. ಪಕ್ಕದ ದೇಶದ ನಂಟು ಕಾಣದಿರಲಿ ಎಂದೇ ಹೀಗೆ ಮಾಡಿದರು ಅಂತ ನನಗನ್ನಿಸುತ್ತದೆ.

ಈಗ ನಾವು ‘ಅಫಾರ್ ಮತ್ತು ಇಸ್ಸಾ ಬುಡಕಟ್ಟುಗಳು’ ಎಂದು ಬರೆದರೆ ಆಳುವವರು ಮಾಡಿದ ಜೋಡಿಯನ್ನು ಸುಮ್ನೆ ಒಪ್ಪಿಕೊಂಡ ಹಾಗಾಗುತ್ತದೆ, ಅಲ್ವಾ? ಅದೂ ಅಲ್ಲದೆ ‘ಬುಡಕಟ್ಟು’ ಅಂದ ಕೂಡಲೇ ನಮಗೆ ಸೋಲಿಗರು, ಜೇನುಕುರುಬರು, ಕಾಡು ನೆನಪಾಗುತ್ತವೆ. ಇವರೋ ಒಣ ಬಯಲಿನಲ್ಲಿ ಒಂಟೆ, ಆಡು ಮೇಯಿಸಿಕೊಂಡು ಬಂದವರು. ‘ಜನಾಂಗ’ ಅಫಾರರಿಗೆ ಹೊಂದುತ್ತದೆ, ಇಸ್ಸಾಗಳಿಗೆ ದೊಡ್ಡದಾಯಿತು.

ಇಸ್ಸಾಗಳಿಗೆ ‘ಬೆಡಗು’ ಅಥವಾ ‘ಬಳಿ’ (ಒಂದೇ ಮೂಲದವರು ಎಂದುಕೊಳ್ಳುವ ಮನೆತನಗಳ ಗುಂಪು) ಆದೀತೇ ಎಂದು ಯೋಚಿಸಿದೆ. ತಂದೆಯ ಕಡೆಯಿಂದ ಪೀಳಿಗೆ ಎಣಿಸುವ ಸೋಮಾಲಿ ಪದ್ಧತಿಗೆ ‘ಬೆಡಗು’ ಹತ್ತಿರ ಬರುತ್ತದೆ. ಆದರೆ ಒಂದೇ ಬೆಡಗಿನೊಳಗೆ ನಮ್ಮಲ್ಲಿ ಮದುವೆ ಆಗುವುದಿಲ್ಲ. ಇಸ್ಸಾ ಎಂಬುದು ಬಹಳ ದೊಡ್ಡ ಗುಂಪು, ಅದರೊಳಗೇ ಮತ್ತೆ ಎಷ್ಟೋ ಕವಲುಗಳಿವೆ. ಓದುಗರು ಬೆಡಗಿನ ಕಟ್ಟಳೆಯನ್ನು ಅಲ್ಲಿಗೂ ಹಚ್ಚಿಬಿಟ್ಟಾರು.

ಸದ್ಯಕ್ಕೆ ‘ಅಫಾರ್ ಜನಾಂಗ’, ‘ಸೋಮಾಲಿಗಳ ಇಸ್ಸಾ ಕುಲ’ ಎಂದು ಬರೆದಿಟ್ಟಿದ್ದೇನೆ. ‘ಕುಲ’ ಎಂದರೆ ಓದುಗರು ಜಾತಿ ಎಂದುಕೊಳ್ಳುತ್ತಾರೇನೋ ಎಂಬ ಅಳುಕಿದೆ. ‘ಪಂಗಡ’ ವಾಸಿಯೇ? ಕುರುಬರಲ್ಲೋ ಗೊಲ್ಲರಲ್ಲೋ ಬೆಡಗಿಗಿಂತ ದೊಡ್ಡ ಕವಲಿಗೆ ಬೇರೆ ಮಾತು ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.