12 ಜನಕ್ಕೆ ಬೇಕ್ಡ್ ಆ್ಯಪಲ್, ಕ್ಯಾರಮೆಲ್ ಸಾಸ್: ಮಾಡಿ ಗೊತ್ತಿರುವವರು ಹೇಳಿ

ಪ್ರಶ್ನೆ

ಶರತ್ಕಾಲದ ಒಂದು ಸಂಜೆ ಕೂಟಕ್ಕೆ ಇಡೀ ಸೇಬನ್ನು ಓವನ್‌ನಲ್ಲಿ ಬೇಯಿಸಿ, ಮೇಲೆ ಕ್ಯಾರಮೆಲ್ ಸಾಸ್ ಹಾಕಿ ಕೊಡುವ ಯೋಚನೆ ಇದೆ. 12 ಜನ. ಓವನ್ ಒಂದೇ, ಊಟದ ಪದಾರ್ಥವೂ ಅದರಲ್ಲೇ ಬೇಯಬೇಕು. ಯಾವ ಸೇಬು ತರಲಿ? ಸಿಪ್ಪೆ ಒಡೆದು ಹಣ್ಣು ಕುಸಿಯದಂತೆ ಏನು ಮಾಡಬೇಕು? ಸಾಸ್ ಹರಳುಗಟ್ಟದಿರಲು ಉಪಾಯ ಏನು? ಹಿಂದಿನ ದಿನವೇ ಏನೇನು ಮುಗಿಸಿಡಬಹುದು? ಬರುವವರಲ್ಲಿ ಒಬ್ಬರಿಗೆ ಬಾದಾಮಿ, ಅಕ್ರೋಟು ಯಾವುದೂ ಆಗುವುದಿಲ್ಲ.

ಉತ್ತರ 1

ಅರ್ಧ ಕೆಲಸ ಹಣ್ಣು ಆರಿಸುವಾಗಲೇ ಮುಗಿಯುತ್ತೆ. ಗ್ರ್ಯಾನಿ ಸ್ಮಿತ್, ಬ್ರೇಬರ್ನ್, ಜೊನಾಗೋಲ್ಡ್, ಹನಿಕ್ರಿಸ್ಪ್ ಬೆಂದ ಮೇಲೂ ಆಕಾರ ಬಿಡುವುದಿಲ್ಲ. ಗೋಲ್ಡನ್ ಡಿಲಿಷಿಯಸ್ ಕೂಡ ನಡೆಯುತ್ತೆ. ಮ್ಯಾಕಿಂಟಾಷ್ ಬೇಡ, ನೋಡನೋಡುತ್ತಲೇ ಗೊಜ್ಜಾಗುತ್ತೆ. ಬ್ರಾಮ್ಲಿಗೆ ರುಚಿ ಇದೆ, ಆದರೆ ತಿರುಳು ನೊರೆಯಂತೆ ಉಬ್ಬಿ ಹೊರಗೆ ಬರುತ್ತೆ, ತಟ್ಟೆಯಲ್ಲಿ ನೆಟ್ಟಗೆ ನಿಲ್ಲುವುದಿಲ್ಲ. ರೆಡ್ ಡಿಲಿಷಿಯಸ್ ನೋಡೋಕಷ್ಟೇ ಚೆಂದ: ಸಿಪ್ಪೆ ದಪ್ಪ, ಒಳಗೆ ಹಿಟ್ಟುಹಿಟ್ಟು, ಹುಳಿಯಂತೂ ಇಲ್ಲವೇ ಇಲ್ಲ. ಒಳಗೆ ಸಕ್ಕರೆಯ ಹೂರಣ, ಮೇಲೆ ಕ್ಯಾರಮೆಲ್, ಇಷ್ಟಿರುವಾಗ ಹಣ್ಣಿನಲ್ಲಿ ಹುಳಿ ಇಲ್ಲದಿದ್ದರೆ ಎರಡು ಚಮಚಕ್ಕೇ ಸಾಕೆನಿಸುತ್ತೆ.

ಎಲ್ಲವೂ ಒಂದೇ ಗಾತ್ರದವು ಇರಲಿ, ತಲಾ 180ರಿಂದ 200 ಗ್ರಾಂ. ದೊಡ್ಡದು ಬೇಯುವಷ್ಟರಲ್ಲಿ ಚಿಕ್ಕದು ಕುಸಿದಿರುತ್ತೆ. ತೊಟ್ಟಿನ ಪಕ್ಕ ಹೆಬ್ಬೆರಳಿನಿಂದ ಒತ್ತಿ ನೋಡಿ, ಸ್ವಲ್ಪವೂ ತಗ್ಗಬಾರದು. ಬಹಳ ದಿನ ದಾಸ್ತಾನಿನಲ್ಲಿದ್ದ ಹಣ್ಣು ಹೊರಗೆ ಹೊಳೆಯುತ್ತಿದ್ದರೂ ಇಲ್ಲಿ ಸಿಕ್ಕಿಬೀಳುತ್ತೆ. 12 ಬೇಕಿದ್ದರೆ 14 ತನ್ನಿ, ಬೀಜ ತೆಗೆಯುವಾಗ ಒಂದೆರಡು ತಳ ತೂತಾಗುವುದು ಇದ್ದದ್ದೇ.

ಉತ್ತರ 2

ಮೇಲಿನವರು ಹೇಳಿದ ತಳದ ವಿಷಯ ಮುಖ್ಯ. ಬೀಜದ ಗೂಡು ತೆಗೆಯುವ ಕೋರರ್ ಅನ್ನು ಆಚೆ ಬದಿಗೆ ಹೊರಡುವ ಹಾಗೆ ಒತ್ತಬೇಡಿ. ಕೆಳಗೆ ಒಂದರಿಂದ ಒಂದೂವರೆ ಸೆಂ.ಮೀ. ತಿರುಳು ಬಿಡಬೇಕು, ಇಲ್ಲದಿದ್ದರೆ ಬೆಣ್ಣೆ, ಸಕ್ಕರೆ ಕರಗಿ ತಟ್ಟೆಗೆ ಸೋರಿಹೋಗುತ್ತೆ. ಚಿಕ್ಕ ಚಾಕುವಿನಿಂದ ತೊಟ್ಟಿನ ಸುತ್ತ ಕೊರೆದು, ಉಳಿದದ್ದನ್ನು ಟೀ ಚಮಚದಲ್ಲಿ ಕೆರೆದರೆ ಆಳ ನಿಮ್ಮ ಹಿಡಿತದಲ್ಲಿರುತ್ತೆ. ಗುಳಿ 3 ಸೆಂ.ಮೀ. ಅಗಲ ಇರಲಿ. ಬೀಜದ ಗೂಡಿನ ಗಟ್ಟಿ ಪೊರೆ ಪೂರ್ತಿ ಬರಬೇಕು, ಉಳಿದರೆ ತಿನ್ನುವಾಗ ಹಲ್ಲಿಗೆ ಸಿಗುತ್ತೆ.

ಸಿಪ್ಪೆ ಒಡೆಯುವುದೇಕೆಂದರೆ ಒಳಗಿನ ರಸ ಆವಿಯಾಗಿ ಹಿಗ್ಗುತ್ತೆ, ಹೊರಬರೋಕೆ ದಾರಿ ಇರುವುದಿಲ್ಲ. ದಾರಿ ನಾವೇ ಮಾಡಿಕೊಡಬೇಕು. ಹಣ್ಣಿನ ನಡುವಿಗೆ ಸುತ್ತಲೂ ಚಾಕುವಿನ ತುದಿಯಿಂದ ಒಂದು ಗೀರು, 2 ಮಿ.ಮೀ. ಆಳ ಸಾಕು. ಅಥವಾ ಮೇಲ್ಭಾಗದಲ್ಲಿ 2 ಸೆಂ.ಮೀ. ಅಗಲದ ಸಿಪ್ಪೆಯ ಪಟ್ಟಿ ತೆಗೆದುಬಿಡಿ. ಪೂರ್ತಿ ಸಿಪ್ಪೆ ತೆಗೆದರೆ ಹಣ್ಣಿಗೆ ಆಸರೆ ತಪ್ಪುತ್ತೆ.

12 ಹಣ್ಣಿಗೆ ಹೂರಣ: ಓಟ್ಸ್ 120 ಗ್ರಾಂ, ಬ್ರೌನ್ ಶುಗರ್ 150, ಮೆತ್ತಗಿನ ಬೆಣ್ಣೆ 120, ಒಣದ್ರಾಕ್ಷಿ 120, ಚಕ್ಕೆ ಪುಡಿ 2 ಟೀ ಚಮಚ, ಜಾಯಿಕಾಯಿ ಕಾಲು ಟೀ ಚಮಚ, ಉಪ್ಪು ಅರ್ಧ ಟೀ ಚಮಚ. ತಲಾ 40 ಗ್ರಾಂಗಿಂತ ತುಸು ಹೆಚ್ಚು ಬರುತ್ತೆ. ದ್ರಾಕ್ಷಿಯನ್ನು 10 ನಿಮಿಷ ಬಿಸಿನೀರಲ್ಲಿ ನೆನೆಸಿ ಹಿಂಡಿ ಹಾಕಿ, ಮೇಲೆ ಕಾಣುವಂತೆ ಬಿಡಬೇಡಿ, ಸುಟ್ಟು ಕಹಿಯಾಗುತ್ತೆ. ಅದುಮಿ ತುಂಬಬೇಡಿ, ಓಟ್ಸ್ ಉಬ್ಬುತ್ತೆ. ಅಕ್ರೋಟನ್ನು ಹೂರಣಕ್ಕೆ ಸೇರಿಸಲೇಬೇಡಿ. ಬೇಕಾದವರಿಗೆ ಹುರಿದು ಬೇರೆ ಬಟ್ಟಲಲ್ಲಿ, ಬೇರೆ ಚಮಚದ ಜೊತೆ ಇಟ್ಟರಾಯಿತು. ಒಂದೇ ಒಂದು ಸೇಬನ್ನು ಬೇರೆ ಮಾಡಿ ಗುರುತು ಹಾಕುವುದಕ್ಕಿಂತ ಇದು ಎಷ್ಟೋ ಸುರಕ್ಷಿತ.

ಉತ್ತರ 3

ಬೇಯಿಸುವ ಕ್ರಮ. 180 ಡಿಗ್ರಿ, ಫ್ಯಾನ್ ಇದ್ದರೆ 160. ಎರಡು ಟ್ರೇಗಳಲ್ಲಿ ಆರಾರು ಹಣ್ಣು, ಒಂದಕ್ಕೊಂದು ತಾಗದಂತೆ. ಪ್ರತಿ ಟ್ರೇಗೆ ಅರ್ಧ ಕಪ್ ಬಿಸಿನೀರು ಅಥವಾ ಸೇಬಿನ ರಸ. ಮೊದಲ 20 ನಿಮಿಷ ಫಾಯಿಲ್ ಮುಚ್ಚಿ, ಆಮೇಲೆ ತೆಗೆದು ಇನ್ನೂ 20ರಿಂದ 30 ನಿಮಿಷ. ಆ ಹೊತ್ತಿನಲ್ಲಿ ತಳದ ರಸವನ್ನು ಎರಡು ಸಲ ಹಣ್ಣಿನ ಮೇಲೆ ಹುಯ್ಯಿರಿ. ಅರ್ಧ ಹೊತ್ತಿಗೆ ಮೇಲಿನ ಟ್ರೇ ಕೆಳಗೆ, ಕೆಳಗಿನದು ಮೇಲೆ. ಓವನ್ ತುಂಬಿದ್ದರೆ 10 ನಿಮಿಷ ಜಾಸ್ತಿ ಹಿಡಿಯುತ್ತೆ.

ಬೇಗ ಆಗಲಿ ಎಂದು 200 ದಾಟಿಸಿದರೆ ಹೊರಗಿನ ತಿರುಳು ಕುಸಿದಿರುತ್ತೆ, ಗುಳಿಯ ಸುತ್ತ ಇನ್ನೂ ಕಚ್ಚಾ ಇರುತ್ತೆ. 35ನೇ ನಿಮಿಷದಿಂದಲೇ ಪರೀಕ್ಷಿಸಿ. ಚಾಕುವನ್ನು ಪಕ್ಕದಿಂದ ಚುಚ್ಚಿ, ಗುಳಿಯಿಂದಲ್ಲ. ಬೆಣ್ಣೆಯಂತೆ ಇಳಿದರೆ ಆಗಲೇ ತಡವಾಗಿದೆ. ಕೊನೆಯಲ್ಲಿ ಸ್ವಲ್ಪ ತಡೆ ಸಿಗುವಾಗಲೇ ಹೊರತೆಗೆಯಿರಿ, ಒಳಗಿನ ಬಿಸಿಗೆ ಇನ್ನೂ 10 ನಿಮಿಷ ಬೇಯುತ್ತಲೇ ಇರುತ್ತೆ.

ಉತ್ತರ 4

ಈಗ ಕ್ಯಾರಮೆಲ್. ಸಕ್ಕರೆ 300 ಗ್ರಾಂ, ನೀರು 90 ಮಿ.ಲೀ., ನಿಂಬೆರಸ 1 ಟೀ ಚಮಚ, ಕ್ರೀಮ್ (ಕೊಬ್ಬು 35%) 200 ಮಿ.ಲೀ., ಬೆಣ್ಣೆ 90 ಗ್ರಾಂ, ಉಪ್ಪು ಮುಕ್ಕಾಲು ಟೀ ಚಮಚ, ವೆನಿಲ್ಲಾ 1 ಟೀ ಚಮಚ. ಸುಮಾರು ಎರಡು ಕಪ್ ಸಾಸ್, ತಲಾ ಎರಡೂವರೆ ಟೇಬಲ್ ಚಮಚ.

ದಪ್ಪ ತಳದ, 3 ಲೀಟರ್ ಹಿಡಿಯುವ ಪಾತ್ರೆ ತಗೊಳ್ಳಿ. ಇಷ್ಟು ಕಡಿಮೆ ಸಾಮಾನಿಗೆ ಇಷ್ಟು ದೊಡ್ಡದೇ ಎನಿಸಬಹುದು, ಕ್ರೀಮ್ ಬಿದ್ದಾಗ ಪಾಕ ಮೂರು ಪಟ್ಟು ಉಕ್ಕುವುದನ್ನು ನೋಡಿದರೆ ಅರ್ಥವಾಗುತ್ತೆ. ಒಳಭಾಗ ಸ್ಟೀಲಿನದಾಗಿರಲಿ, ಕಪ್ಪು ನಾನ್‌ಸ್ಟಿಕ್‌ನಲ್ಲಿ ಬಣ್ಣ ತಿಳಿಯುವುದಿಲ್ಲ.

ಸಕ್ಕರೆ, ನೀರು, ನಿಂಬೆರಸ ಸೇರಿಸಿ ಕರಗುವವರೆಗೆ ಕದಡಿ. ಕುದಿ ಬಂದ ಮೇಲೆ ಚಮಚ ಮುಟ್ಟಿಸಬೇಡಿ. ಗೋಡೆಗೆ ಅಂಟಿದ ಒಂದು ಹರಳು ಪಾಕಕ್ಕೆ ಬಿದ್ದರೂ ಅದನ್ನೇ ಹಿಡಿದು ಉಳಿದ ಸಕ್ಕರೆ ಗಟ್ಟಿಯಾಗುತ್ತಾ ಹೋಗುತ್ತೆ. ಅದಕ್ಕೇ ಒದ್ದೆ ಬ್ರಷ್‌ನಿಂದ ಗೋಡೆ ಒರೆಸುವುದು. ನಿಂಬೆಯ ಹುಳಿ ಸಕ್ಕರೆಯ ಒಂದು ಪಾಲನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತೆ, ಅವು ನಡುವೆ ಇದ್ದರೆ ಹರಳು ಕಟ್ಟೋದು ಕಷ್ಟ. ಬಣ್ಣ ಬರುವ ಮೊದಲೇ ಹರಳುಗಟ್ಟಿದರೆ ಚೆಲ್ಲಬೇಡಿ, 100 ಮಿ.ಲೀ. ನೀರು ಹಾಕಿ ಮತ್ತೆ ಕರಗಿಸಿ ಮುಂದುವರಿಸಿ.

160 ಡಿಗ್ರಿ ದಾಟಿದ ಮೇಲೆ ಬಣ್ಣ ಓಡುತ್ತೆ. ಆಗ ಫೋನ್ ಬಂದರೂ ತಿರುಗಬೇಡಿ, ಪಾತ್ರೆಯನ್ನು ಮೆಲ್ಲಗೆ ಅಲುಗಿಸುತ್ತಾ ಇರಿ. ಐಸ್ ಕ್ರೀಮಿಗಾದರೆ ಹೊಂಬಣ್ಣ ಸಾಕು. ಬೆಂದ ಸೇಬಿಗೆ ಅದಕ್ಕಿಂತ ಒಂದು ಛಾಯೆ ಗಾಢ ಬೇಕು, 175ರ ಆಸುಪಾಸು, ತುಸು ಕಹಿ ಸುಳಿಯುವಷ್ಟು. ಹೊಗೆಯ ಮೊದಲ ಎಳೆ ಕಂಡ ಕೂಡಲೇ ಉರಿ ಆರಿಸಿ. ಬೇರೆಯಾಗಿ ಬಿಸಿ ಮಾಡಿಟ್ಟ ಕ್ರೀಮನ್ನು ಮೂರು ಸಲಕ್ಕೆ ಹಾಕಿ. ತಣ್ಣಗಿನದು ಹಾಕಿದರೆ ಸಿಡಿಯುತ್ತೆ, ಪಾಕವೂ ಉಂಡೆ ಕಟ್ಟುತ್ತೆ. ಉಂಡೆ ಕಟ್ಟಿದರೆ ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಕದಡಿದರೆ ಕರಗುತ್ತೆ. ಕೊನೆಗೆ ಉರಿ ಆರಿಸಿ ಬೆಣ್ಣೆ, ಉಪ್ಪು, ವೆನಿಲ್ಲಾ.

ಬಿಸಿಯಲ್ಲಿ ನೀರಾಗಿ ಕಾಣುವುದು ಸಹಜ. ತಣ್ಣನೆ ತಟ್ಟೆಗೆ ಒಂದು ತೊಟ್ಟು ಬಿಟ್ಟು, ಆರಿದ ಮೇಲೆ ತಟ್ಟೆ ಓರೆ ಮಾಡಿ: ನಿಧಾನಕ್ಕೆ ಜಾರಿದರೆ ಸರಿ.

ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು, ಉದ್ದ ತೋಳಿನ ಅಂಗಿ, ಹತ್ತಿರ ಮಕ್ಕಳಿಲ್ಲದಿರುವುದು, ಈ ಮೂರೂ ಬೇಕೇ ಬೇಕು. ಪಾಕ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತೆ. ಬಿದ್ದರೆ ಹರಿಯುವ ನೀರಿನಡಿ 20 ನಿಮಿಷ ಹಿಡಿಯಿರಿ.

ಉತ್ತರ 5

ನೀರು ಹಾಕದೆಯೂ ಮಾಡಬಹುದು, ನನ್ನ ಮತ ಅದಕ್ಕೇ. ಅಗಲ ಪಾತ್ರೆಗೆ ಮೂರನೇ ಒಂದು ಪಾಲು ಸಕ್ಕರೆ, ಅದು ಕರಗಿದ ಮೇಲೆ ಇನ್ನೊಂದು ಪಾಲು, ಹೀಗೆ. ಕದಡಿದರೂ ತೊಂದರೆಯಿಲ್ಲ, ಹರಳಿನ ಚಿಂತೆ ಕಡಿಮೆ. ಆದರೆ ಅಂಚು ಬೇಗ ಸುಡುತ್ತೆ, ಕಣ್ಣು ಪಳಗಿರಬೇಕು. ಮೊದಲ ಸಲ ಮಾಡುವವರು ಮೇಲಿನ ಕ್ರಮವನ್ನೇ ಹಿಡಿಯಲಿ.

ಪ್ರಶ್ನೆ ಕೇಳಿದವರು

25% ಕೊಬ್ಬಿನ ಕ್ರೀಮ್ ಮಾತ್ರ ಸಿಕ್ಕರೆ? ಹಾಲು ಹಾಕಬಹುದೇ?

ಉತ್ತರ 4 ಬರೆದವರು

25% ನಡೆಯುತ್ತೆ, ಕೊನೆಯಲ್ಲಿ ಎರಡು ನಿಮಿಷ ಹೆಚ್ಚು ಕುದಿಸಿ. ಹಾಲು ಬೇಡ, ಸಾಸ್ ತೆಳುವಾಗುತ್ತೆ, ಒಡೆಯುವ ಸಾಧ್ಯತೆಯೂ ಉಂಟು. ಬೆಣ್ಣೆ ಬೇರ್ಪಟ್ಟು ಮೇಲೆ ಎಣ್ಣೆ ತೇಲಿದರೆ ಒಂದು ಟೇಬಲ್ ಚಮಚ ಬಿಸಿನೀರು ಹಾಕಿ ವಿಸ್ಕ್‌ನಿಂದ ಜೋರಾಗಿ ಕಡೆಯಿರಿ, ಮತ್ತೆ ಕೂಡಿಕೊಳ್ಳುತ್ತೆ. ಸುಟ್ಟು ಕಪ್ಪಾದದ್ದಕ್ಕೆ ಮಾತ್ರ ಮದ್ದಿಲ್ಲ.

ಉತ್ತರ 6

ಓವನ್ ಒಂದೇ ಅಂದಿದ್ದೀರಿ, ಹಾಗಾಗಿ ಹೊತ್ತಿನ ಲೆಕ್ಕ. ಸಾಸ್ ಹಿಂದಿನ ದಿನವೇ ಮಾಡಿ ಗಾಜಿನ ಬಾಟಲಿಯಲ್ಲಿ ಫ್ರಿಜ್‌ಗೆ. ಅಲ್ಲಿ ಗಟ್ಟಿಯಾಗುತ್ತೆ, ಬಡಿಸುವ ಅರ್ಧ ಗಂಟೆ ಮೊದಲು ಹೊರತೆಗೆದು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಕೂರಿಸಿ. ಹೂರಣವನ್ನೂ ಕಲಸಿಡಬಹುದು. ಸೇಬನ್ನು ಮೂರು ನಾಲ್ಕು ಗಂಟೆ ಮೊದಲು ಕೊರೆದು, ಲೀಟರ್ ನೀರಿಗೆ ಎರಡು ಟೇಬಲ್ ಚಮಚ ನಿಂಬೆರಸ ಬೆರೆಸಿ 10 ನಿಮಿಷ ಮುಳುಗಿಸಿ, ಒರೆಸಿ, ಮುಚ್ಚಿಡಿ. ಕಪ್ಪಾಗುವುದು ಕಡಿಮೆಯಾಗುತ್ತೆ. ತುಂಬುವುದು ಮಾತ್ರ ಓವನ್‌ಗೆ ಇಡುವ ಮುಂಚೆಯಷ್ಟೇ. ಬೇಗ ತುಂಬಿದರೆ ಸಕ್ಕರೆ ರಸ ಎಳೆದು ಗುಳಿಯಲ್ಲಿ ನೀರು ನಿಲ್ಲುತ್ತೆ.

ಊಟದ ಪದಾರ್ಥಕ್ಕಿಂತ ಮೊದಲು ಸೇಬು ಬೇಯಿಸಿ, ಪೂರ್ತಿ ಬೇಯುವ 10 ನಿಮಿಷ ಮುಂಚೆ ಹೊರಗೆ ತೆಗೆಯಿರಿ. ಊಟ ಮುಗಿಯುವ ಹೊತ್ತಿಗೆ 160 ಡಿಗ್ರಿಯಲ್ಲಿ 15 ನಿಮಿಷ ಬಿಸಿ ಮಾಡಿದರೆ ಉಳಿದದ್ದು ಬೇಯುತ್ತೆ. ಬೆಳ್ಳುಳ್ಳಿ ಹಾಕಿದ ಪದಾರ್ಥದ ಜೊತೆ ಇಡಬೇಡಿ, ಹಣ್ಣು ವಾಸನೆ ಹೀರುತ್ತೆ.

ಟ್ರೇಯ ತಳದಲ್ಲಿ ಉಳಿದ ರಸ ಚೆಲ್ಲುವವರೇ ಹೆಚ್ಚು. ಅದನ್ನು ಸೋಸಿ, ಚಮಚದ ಬೆನ್ನಿಗೆ ಅಂಟುವವರೆಗೆ ಕುದಿಸಿ ಇಳಿಸಿ, ಎರಡು ಮೂರು ಟೇಬಲ್ ಚಮಚದಷ್ಟನ್ನು ಸಾಸ್‌ಗೆ ಕೂಡಿಸಿ. ಸೇಬಿನ ಹುಳಿ ಸಾಸ್‌ಗೂ ಬರುತ್ತೆ, ಅತಿ ಸಿಹಿ ಇಳಿಯುತ್ತೆ. ಬಡಿಸುವ ಮುಂಚೆಯಷ್ಟೇ ಬೆರೆಸಿ.

ಉತ್ತರ 2 ಬರೆದವರು

ಒಂದು ಸೇರ್ಪಡೆ. ಸಾಸನ್ನು ಬೇಯುವ ಮೊದಲೇ ಗುಳಿಗೆ ಹುಯ್ಯಬೇಡಿ, ಉಕ್ಕಿ ಟ್ರೇಗೆ ಬಿದ್ದು ಕರಕಾಗುತ್ತೆ. ಐಸ್ ಕ್ರೀಮ್ ಇಡುವುದಾದರೆ ಮೊದಲು ಸೇಬಿನ ಮೇಲೆ ಸಾಸ್, ಐಸ್ ಕ್ರೀಮ್ ಪಕ್ಕದಲ್ಲಿ. ಅದರ ಮೇಲೆ ಬಿದ್ದ ಕ್ಯಾರಮೆಲ್ ತಣ್ಣಗಾಗಿ ಹಲ್ಲಿಗೆ ಅಂಟುವಷ್ಟು ಗಟ್ಟಿಯಾಗುತ್ತೆ. ಪಾತ್ರೆಗೆ ಅಂಟಿದ ಪಾಕವನ್ನು ಉಜ್ಜಲು ಹೋಗಬೇಡಿ. ನೀರು ತುಂಬಿ ಐದು ನಿಮಿಷ ಕುದಿಸಿದರೆ ತಾನೇ ಬಿಡುತ್ತೆ.