ಸಹಾಯ ಬೇಕು: ಸ್ಟಾಕ್ ಫೋಟೋಗೆ ಪೋರ್ಚುಗಲ್‌ನ ಪೋರ್ಟೊ ಒಳ್ಳೇದಾ, ಜೆಕ್ ದೇಶದ ಪ್ರಾಗ್ ಒಳ್ಳೇದಾ?

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ನಾನು, ನನ್ನ ಹೆಂಡತಿ 10 ದಿನ ಯುರೋಪಿಗೆ ಹೋಗ್ತಿದ್ದೇವೆ. ರಜೆಯ ಜೊತೆಗೆ ಸ್ಟಾಕ್ ಸೈಟ್‌ಗಳಿಗೆ (ನಮ್ಮ ಫೋಟೋಗಳನ್ನು ಮಾರಾಟಕ್ಕಿಡುವ ವೆಬ್‌ಸೈಟ್‌ಗಳು) ಒಂದಿಷ್ಟು ಫೋಟೋ ತೆಗೆಯುವ ಆಸೆ.

ಹೋದ ಸಲ ಪ್ಯಾರಿಸ್‌ನಲ್ಲಿ ಏಟು ತಿಂದೆ. ಮಳೆ ನಿಂತ ರಾತ್ರಿ, ಒದ್ದೆ ರಸ್ತೆಯಲ್ಲಿ ಐಫೆಲ್ ಟವರಿನ ಬೆಳಕು ಹೊಳೀತಿತ್ತು. ನನ್ನ ಅತ್ಯುತ್ತಮ ಫೋಟೋ ಅದು. ಸೈಟ್‌ನವರು ತೆಗೆದುಕೊಳ್ಳಲಿಲ್ಲ. ಗೋಪುರದ ಹಗಲಿನ ಚಿತ್ರ ಮಾರಬಹುದು, ಆದರೆ ರಾತ್ರಿಯ ದೀಪಾಲಂಕಾರಕ್ಕೆ ಕಾಪಿರೈಟ್ ಇದೆಯಂತೆ! ತುಂಬಾ ಬೇಜಾರಾಯ್ತು.

ಹಾಗಾಗಿ ಕಾಪಿರೈಟ್ ತೊಂದರೆ ಕಡಿಮೆ ಇರಬಹುದು ಅಂತ ಈ ಸಲ ಹಳೇ ಊರುಗಳನ್ನೇ ನೋಡ್ತಿದ್ದೇನೆ. ಪೋರ್ಟೊದಲ್ಲಿ 1886ರ ಡೋಮ್ ಲೂಯಿಸ್ ಸೇತುವೆ, ಸಾವೊ ಬೆಂಟೊ ರೈಲು ನಿಲ್ದಾಣದ ನೀಲಿ ಟೈಲ್ಸ್ ಗೋಡೆಗಳು, ಅಲ್ಲಿಂದ ಹೋಗಿಬರಬಹುದಾದ ಡೋರೊ ಕಣಿವೆಯ ದ್ರಾಕ್ಷಿ ತೋಟಗಳು. ಪ್ರಾಗ್‌ನಲ್ಲಿ ಚಾರ್ಲ್ಸ್ ಸೇತುವೆ, ಬೆಳಗಿನ ಮಂಜು. ಆದರೆ ಆ ಸೇತುವೆಯ ಫೋಟೋ ಈಗಾಗಲೇ ಸಾವಿರಾರು ಇವೆ, ಅಲ್ವಾ? ನನ್ನ ಮನಸ್ಸು ಪೋರ್ಟೊ ಕಡೆಗೇ.

ಹೋಗಿ ಬಂದವರು ದಯವಿಟ್ಟು ಹೇಳಿ. ಅಕ್ಟೋಬರ್‌ನಲ್ಲಿ ಪೋರ್ಟೊ ಮಳೆ ಎಷ್ಟು ಕಾಡುತ್ತೆ? ನಿಲ್ದಾಣದೊಳಗೆ ಟ್ರೈಪಾಡ್ ಇಡಲು ಬಿಡ್ತಾರಾ? ದ್ರಾಕ್ಷಿ ಎಲೆ ಕೆಂಪಾಗೋದು ತಿಂಗಳ ಮೊದಲಲ್ಲೋ, ಕೊನೆಯಲ್ಲೋ? ಈ ವಾರವೇ ಟಿಕೆಟ್ ಬುಕ್ ಮಾಡಬೇಕು.