ಪದ ಬೇಕು: ಸರ್ಕಾರ ‘ತೆಗೆದುಕೊಂಡ’ ಲಾಡ್ಜಿಗೆ ಏನನ್ನುವುದು?

ಎಲ್ಲರಿಗೂ ನಮಸ್ಕಾರ. ಉಡುಪಿಯಿಂದ ಬರೆಯುತ್ತಿದ್ದೇನೆ. ಒಂದು ಪದ ಅರ್ಜೆಂಟಾಗಿ ಬೇಕು, ಸೋಮವಾರ ಅರ್ಜಿ ಕೊಡಬೇಕು.

ಪರಿಚಯದವರೊಬ್ಬರ ಲಾಡ್ಜನ್ನು 2020ರಲ್ಲಿ ಕ್ವಾರಂಟೈನಿಗೆಂದು ಸರ್ಕಾರ ತೆಗೆದುಕೊಂಡಿತ್ತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 65ನೇ ಸೆಕ್ಷನ್ನಿನ ‘ರಿಕ್ವಿಸಿಷನ್’. ಕೋಣೆಗಳು ವಾಪಸ್ ಬಂದವು. ಹಾಸಿಗೆಗಳನ್ನು ಹಿತ್ತಿಲಲ್ಲಿ ಸುಟ್ಟುಹಾಕಿದರು. ತೆಂಗಿನ ಬುಡದಲ್ಲಿ ಸ್ಪ್ರಿಂಗುಗಳು ತುಕ್ಕು ಹಿಡಿದು ಬಿದ್ದಿವೆ. ಈಗ ಪರಿಹಾರ ಇಷ್ಟೇ ಅಂತ ಆದೇಶ ಬಂದಿದೆ. ಸಾಲದೆ ಹೋದರೆ 66ನೇ ಸೆಕ್ಷನ್ ಪ್ರಕಾರ 30 ದಿನದೊಳಗೆ ಮಧ್ಯಸ್ಥರಿಗೆ ಒಪ್ಪಿಸಿ ಎಂದು ಕೇಳಬಹುದು. ಆ ಅರ್ಜಿಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಂದಿದೆ.

‘ರಿಕ್ವಿಸಿಷನ್’ಗೆ ‘ಸ್ವಾಧೀನ’ ಅಂತ ಬರೆದೆ. ಯಜಮಾನರು ಒಪ್ಪಲಿಲ್ಲ. “ಹೆದ್ದಾರಿಗೆ ಹೋದ ಜಾಗದ ಹಾಗೆ ಕೇಳ್ತದೆ ಮಾರಾಯ್ರೇ, ಲಾಡ್ಜ್ ಈಗಲೂ ನನ್ನದೇ ಅಲ್ವಾ?” ‘ಮುಟ್ಟುಗೋಲು’ ಅಂದರೆ ಕಳ್ಳಮಾಲು ಇಟ್ಟವರ ಹಾಗೆ ಆಗ್ತದಂತೆ. ಇನ್ನೊಂದು ಸಂಶಯ: ಲಯಬಿಲಿಟಿಗೆ ‘ಹೊಣೆ’ ಸಾಕಾ, ‘ಬಾಧ್ಯತೆ’ಯೇ ಬೇಕಾ?

ಕದ್ರಿಯಿಂದ:
ಮುಟ್ಟುಗೋಲಿನಲ್ಲಿ ಕಳ್ಳತನ ಎಲ್ಲಿದೆ? ಮುಟ್ಟು + ಕೋಳ್. ಕೋಳ್ ಅಂದರೆ ತೆಗೆದುಕೊಳ್ಳುವುದು. ವೀರಗಲ್ಲುಗಳ ‘ತುರುಗೋಳ್’ ನೋಡಿ. ಅಚ್ಚಗನ್ನಡ ಪದ ಕೈಯಲ್ಲಿರುವಾಗ ‘ಸ್ವಾಧೀನ’ದ ಸಹವಾಸ ಯಾಕೆ? ‘ಹೊಣೆ’ಯೂ ನಮ್ಮದೇ, ಹಳಗನ್ನಡದ ‘ಪೊಣೆ’. ಬಾಧ್ಯತೆ ಬಿಸಾಡಿ.

ಪುತ್ತೂರಿನಿಂದ:
ತುರುಗೋಳ್ ಅಂದರೆ ದನ ಹೊಡೆದುಕೊಂಡು ಹೋಗುವುದು. ಕಳ್ಳತನ ಇಲ್ಲ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ ತಂದಿರಿ! ಅಲ್ಲದೆ ಪದದ ಕೊನೆಗೆ ‘ಲು’ ಇದೆ, ‘ಳು’ ಅಲ್ಲ. ಅದಕ್ಕೆ ಮೊದಲು ಉತ್ತರ ಹೇಳಿ.

ಕಾರ್ಕಳದಿಂದ:
ಗೇಣಿ ಗೊತ್ತಿದ್ದ ಊರು ನಮ್ಮದು. ಮೂಲಗೇಣಿ ಅಂದರೆ ಶಾಶ್ವತ, ಚಾಲಗೇಣಿ ಅಂದರೆ ಏಳು ಅಂದಾಗ ಏಳಬೇಕು. 66ನೇ ಸೆಕ್ಷನ್ ಪರಿಹಾರ ಲೆಕ್ಕ ಹಾಕುವುದೂ ಲಾಡ್ಜ್ ಇರುವ ಊರಿನ ಬಾಡಿಗೆ ನೋಡಿಯೇ. ‘ಬಲವಂತದ ಗೇಣಿ’ ಅನ್ನಿ. ಅಥವಾ ‘ಎರವಲು’.

ಪುತ್ತೂರಿನಿಂದ:
ಎರವಲು ಕೇಳಿ ತರುವುದು. ಇಲ್ಲಿ ಕೇಳಿದವರು ಯಾರು?

ಕದ್ರಿಯಿಂದ:
ಸಂಸ್ಕೃತವೂ ನಮ್ಮನ್ನು ಕೇಳಿ ಬರಲಿಲ್ಲ. ನಾಳೆ ಯಾರಾದರೂ ಹಿಂದಿಯ ‘ಅಧಿಗ್ರಹಣ’ ತಂದು ಇಲ್ಲಿ ಕೂರಿಸುತ್ತಾರೆ, ನೋಡುತ್ತಿರಿ.

ಪುತ್ತೂರಿನಿಂದ:
ಲಾಡ್ಜ್, ಕ್ವಾರಂಟೈನ್, ಅರ್ಜಿ, ವಾಪಸ್ ಎಲ್ಲ ಎಲ್ಲಿಂದ ಬಂದವು? ಅರ್ಜಿ ಬಿಟ್ಟು ಅರ್ಜಿ ಬರೆಯಿರಿ ನೋಡುವ. ಸುಮ್ನೆ ಹಟ.

ಕುಂದಾಪುರದಿಂದ:
ಪದಕ್ಕಿಂತ ‘ಪರಿಹಾರ’ ಜಾಸ್ತಿ ಅಪಾಯ. ಶಾಸನಗಳಲ್ಲಿ ಅದು ತೆರಿಗೆ ಬಿಟ್ಟದ್ದು, ಈಗ ನೆರೆ ಬಂದಾಗ ಕೊಡುವ ಅಕ್ಕಿಯೂ ಪರಿಹಾರವೇ. ಕೊಡಲೇಬೇಕಾದದ್ದಕ್ಕೂ ದಯೆಯಿಂದ ಕೊಟ್ಟದ್ದಕ್ಕೂ ಒಂದೇ ಮಾತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ನೋಡಿ, ಮುಂಬಯಿಯ ಪ್ಲೇಗಿನ ಗಡಿಬಿಡಿಯಲ್ಲಿ ಆದದ್ದು. 2ನೇ ಸೆಕ್ಷನ್ನಿನಲ್ಲಿ ಖರ್ಚಿನ ಮಾತು ಬಂದಾಗ ‘ಪರಿಹಾರ ಏನಾದರೂ ಇದ್ದರೆ ಅದೂ ಸೇರಿ’ ಅಂತ ಆವರಣದೊಳಗೆ ಹಾಕಿದ್ದಾರೆ. ಇದ್ದರೆ! 4ನೇ ಸೆಕ್ಷನ್ನಿನಲ್ಲಿ, ಸದ್ಭಾವನೆಯಿಂದ ಮಾಡಿದ್ದಕ್ಕೆ ದಾವೆ ಇಲ್ಲ. ಹಾಗಾಗಿ ಅರ್ಜಿಯಲ್ಲಿ ‘ನಷ್ಟಪರಿಹಾರ’ ಎಂದೇ ಇರಲಿ. ಕೋಣೆಗೆ ‘ತಾತ್ಕಾಲಿಕ ವಶ’ ಅನ್ನಿ. ಹಾಸಿಗೆಗೆ ಆ ಮಾತು ಬೇಡ, ಅದು ತಿರುಗಿ ಬರಲಿಲ್ಲವಲ್ಲ. ಅದಕ್ಕೆ ಬೇರೆ ಪ್ಯಾರಾ.

ಉಡುಪಿಯಿಂದ:
ಉಪಕಾರವಾಯಿತು. ‘ಸರ್ಕಾರ ತಾತ್ಕಾಲಿಕವಾಗಿ ತನ್ನ ವಶಕ್ಕೆ ಪಡೆದ ಕೋಣೆಗಳು’, ‘ಸರ್ಕಾರದ ವಶದಲ್ಲಿದ್ದಾಗ ಸುಟ್ಟುಹಾಕಿದ ಹಾಸಿಗೆಗಳು’, ‘ನಷ್ಟಕ್ಕೆ ಸರ್ಕಾರವೇ ಹೊಣೆ’ ಎಂದು ಟೈಪ್ ಮಾಡಿದ್ದೇನೆ. ಯಜಮಾನರು ಓದಿ ತಲೆಯಾಡಿಸಿದರು.

ಕದ್ರಿಯಿಂದ:
‘ವಶ’ವೂ ಸಂಸ್ಕೃತವೇ.

ಪುತ್ತೂರಿನಿಂದ:
‘ಲು’ವಿಗೆ ಇನ್ನೂ ಉತ್ತರ ಬಂದಿಲ್ಲ.